ಸತ್ತರೂ ವಿಐಪಿ

ರಸ್ತೆಗೆ ಡಾಂಬರು ಬೀಳಬೇಕಾದರೆ ದೊಡ್ಡವರು ಬರಬೇಕು. ಅವರು ಬದುಕಿರಲೇಬೇಕೆಂಬ ನಿಯಮವೇನಿಲ್ಲ. 2021ರ ಏಪ್ರಿಲ್ 3ರಂದು ಕೈರೋದಲ್ಲಿ 18 ರಾಜರು, ನಾಲ್ವರು ರಾಣಿಯರು ತಹ್ರೀರ್ ಚೌಕದ ಹಳೆಯ ಮ್ಯೂಸಿಯಂನಿಂದ ಫುಸ್ತಾತ್‌ನ ಹೊಸದಕ್ಕೆ ಮನೆ ಬದಲಿಸಿದಾಗ, ಮಮ್ಮಿಗಳ ಮೈ ಕುಲುಕದಿರಲೆಂದು ದಾರಿ ನುಣ್ಣಗಾಯಿತು. ಒಬ್ಬೊಬ್ಬರಿಗೂ ಪ್ರತ್ಯೇಕ ವಾಹನ, ಒಳಗೆ ಸಾರಜನಕ ತುಂಬಿದ ಪೆಟ್ಟಿಗೆ, 21 ಕುಶಾಲತೋಪು, ಬಾಗಿಲಲ್ಲಿ ಅಧ್ಯಕ್ಷ ಸಿಸಿಯವರ ಖುದ್ದು ಸ್ವಾಗತ. ಪ್ರಜೆಗಳು ಮಾತ್ರ ಮೆರವಣಿಗೆಯ ಹಾದಿಗೆ ಕಾಲಿಡುವಂತಿರಲಿಲ್ಲ. ಟಿವಿ ಇತ್ತಲ್ಲ, ನೋಡಿಕೊಂಡರು.

ಈಗ ಅಲ್ಲಿನ ನೆಲಮಾಳಿಗೆಯ ಮಬ್ಬಿನಲ್ಲಿ ಎರಡನೇ ರಾಮ್‌ಸೆಸ್ ಮಲಗಿದ್ದಾನೆ. ಫೋಟೊ ತೆಗೆಯುವಂತಿಲ್ಲ. ಪಾಪ, ಅವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೆ? 66 ವರ್ಷ ಆಳಿ, ಈಜಿಪ್ಟಿನ ಉದ್ದಗಲಕ್ಕೂ ತನ್ನನ್ನೇ ನಿಲ್ಲಿಸಿಕೊಂಡವನು. ಅಷ್ಟಕ್ಕೂ ಸಾಲದೆ ಹಿಂದಿನವರ ಮೂರ್ತಿಗಳ ಮೇಲೆ ತನ್ನ ಹೆಸರು ಕೆತ್ತಿಸಿದವನು, ಅದೂ ಅಳಿಸಲಾಗದಷ್ಟು ಆಳವಾಗಿ. ಹಿಂದಿನ ಸರ್ಕಾರದ ಸೇತುವೆಯನ್ನು ಮತ್ತೊಮ್ಮೆ ಉದ್ಘಾಟಿಸುವ ನಮ್ಮವರು ಇನ್ನೂ ಫ್ಲೆಕ್ಸಿನಲ್ಲೇ ಇದ್ದಾರೆ. ಕಾದೇಶ್‌ನಲ್ಲಿ ಹಿಟ್ಟೈಟರ ಜೊತೆ ನಡೆದ ಯುದ್ಧದಲ್ಲಿ ಯಾರೂ ಗೆಲ್ಲಲಿಲ್ಲ. ದೇವಾಲಯದ ಗೋಡೆಗಳಲ್ಲಿ ಈತ ಒಬ್ಬನೇ ರಥವೇರಿ ಗೆದ್ದಿದ್ದಾನೆ. ಗೋಡೆ ಅವನದು, ಗೆಲುವು ಇನ್ಯಾರದಾದೀತು?

1976ರಲ್ಲಿ ಮೈಗೆ ಬೂಷ್ಟು ಹಿಡಿದಾಗ ಪ್ಯಾರಿಸ್ಸಿಗೆ ವಿಮಾನದಲ್ಲಿ ಹೋದ. ಇಳಿದ ಕೂಡಲೇ ಸೇನಾ ಗೌರವ, ಆಮೇಲೆ ಗ್ಯಾಮಾ ಕಿರಣದ ಚಿಕಿತ್ಸೆ. ಆಳಿದವರ ಕಾಯಿಲೆ ಸ್ವದೇಶದ ಆಸ್ಪತ್ರೆಯಲ್ಲಿ ವಾಸಿಯಾಗುವುದಿಲ್ಲವೆಂಬುದು ಮೂರು ಸಾವಿರ ವರ್ಷ ಕಳೆದರೂ ಬದಲಾಗಿಲ್ಲ.

ಗಾಜಿನಾಚೆ ಎದ್ದು ಕಾಣುವುದು ಮೂಗು. ಮೈ ಒಣಗಿ ಮರವಾಗಿದೆ, ತಲೆಯ ಹಿಂದೆ ಕೆಂಚು ಕೂದಲು ನಾಲ್ಕೆಳೆ ಉಳಿದಿದೆ. ಗಿಣಿಮೂಗು ಮಾತ್ರ ಬಗ್ಗಿಲ್ಲ. ಸುತ್ತಿದ ಬಟ್ಟೆಯ ಬಿಗಿತಕ್ಕೆ ಚಪ್ಪಟೆಯಾಗದಿರಲೆಂದು ಅದರೊಳಗೆ ಕಾಳುಮೆಣಸು ತುಂಬಿದ್ದರು. ಪ್ಯಾರಿಸ್ಸಿನ ಪರೀಕ್ಷೆಯಲ್ಲಿ ಗೊತ್ತಾದದ್ದು. ಆ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. ಇಷ್ಟು ಸಾಕಲ್ಲ! ನಮ್ಮ ಪ್ರವಾಸಿ ತಂಡದಲ್ಲಿ ಒಬ್ಬರು ಅಲ್ಲೇ ನಿಂತು, ಫೇರೋನ ಮೂಗು ಎತ್ತಿಹಿಡಿದವರೇ ಕನ್ನಡಿಗರು ಎಂದು ವಾಟ್ಸ್‌ಆ್ಯಪ್‌ಗೆ ಕಳಿಸಿಬಿಟ್ಟರು. ಕೇರಳದವರು ನೋಡುವ ಮೊದಲೇ ಹೋಗಬೇಕಿತ್ತಂತೆ.

ಸಕಲೇಶಪುರದ ಬೆಳೆಗಾರರೊಬ್ಬರು ಮಾತ್ರ ಬಹಳ ಹೊತ್ತು ಮೂಗನ್ನೇ ದಿಟ್ಟಿಸಿ, ಗೈಡನ್ನು ಪಕ್ಕಕ್ಕೆ ಕರೆದು ಕೇಳಿದರು: "ಆವಾಗ ಇವ್ರು ಕೆಜಿಗೆ ಎಷ್ಟು ಕೊಡ್ತಿದ್ರಂತೆ?"