ಟೇಪ್ ರೆಕಾರ್ಡರಿಗೆ ಟೈ ಕಟ್ಟಿದರೆ

ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಲು ಇಂಗ್ಲಿಷ್ ಬರಬೇಕೆಂದು ನಿಮಗೆ ಯಾರು ಹೇಳಿದರು? ನಗುವುದಕ್ಕೆ ಬರಬೇಕು. ಅಕ್ಟೋಬರಿನಲ್ಲಿ ಮಾಟಗಾತಿ ಟೋಪಿ, ಡಿಸೆಂಬರಿನಲ್ಲಿ ಸಾಂಟಾ ಟೋಪಿ ಹಾಕಿಕೊಳ್ಳಲು ನಾಚಿಕೆ ಇರಬಾರದು. ಉಳಿದದ್ದು ಆಮೇಲೆ. ಉಳಿದದ್ದನ್ನು ಯಾರೂ ಕೇಳುವುದಿಲ್ಲ.

ನಾನು ದಾವಣಗೆರೆಯವನು. ನಮ್ಮಪ್ಪ, ನಮ್ಮಜ್ಜ ಯಾರೂ ಹ್ಯಾಲೋವೀನ್ ಮಾಡಿದವರಲ್ಲ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಇದೆ, ಹಿರಿಯರಿಗೆ ಎಡೆ ಇಡುತ್ತೇವೆ, ಅದನ್ನು ಹೇಳಿಕೊಡುತ್ತೇನೆ ಎಂದೆ. ಜಪಾನಿನವರೂ ಓಬೊನ್ ಹಬ್ಬದಲ್ಲಿ ಪಿತೃಗಳನ್ನು ಮನೆಗೆ ಕರೆಯುವ ಜನವೇ. ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತಿತ್ತು. ಉಪ ಮುಖ್ಯೋಪಾಧ್ಯಾಯರು ತಲೆ ಓರೆ ಮಾಡಿದರು. ಹಲ್ಲಿನ ಸಂದಿಯಿಂದ ಸ್ ಎಂದು ಗಾಳಿ ಎಳೆದುಕೊಂಡರು. ಈ ದೇಶದಲ್ಲಿ ಆ ಸದ್ದಿನ ಮೇಲೆ ಅಪೀಲು ಹೋಗುವಂತಿಲ್ಲ. ಕಾಗದದ ಕುಂಬಳಕಾಯಿ ಕತ್ತರಿಸಿದೆವು. ಪೀರಿಯಡ್ಡಿನ ಹೆಸರು 'ಅಂತರರಾಷ್ಟ್ರೀಯ ತಿಳಿವಳಿಕೆ'.

ಬೋಧಕ ವೀಸಾದಲ್ಲಿ ವಿದೇಶಿ ಭಾಷೆ ಕಲಿಸಬೇಕೆಂದರೆ ಆ ಭಾಷೆಯಲ್ಲೇ 12 ವರ್ಷ ಓದಿರಬೇಕು. ಇದು ಇಲ್ಲಿನ ಸರ್ಕಾರದ ನಿಯಮ. ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದ ನನ್ನ ಕಾನ್ವೆಂಟಿಗೆ ಕೊನೆಗೂ ಒಂದು ಸಾರ್ಥಕತೆ ಸಿಕ್ಕಿತು. ಸರ್ಕಾರ ಒಪ್ಪಿತು. ಗಿರಾಕಿ ಒಪ್ಪಲಿಲ್ಲ.

ಗಿರಾಕಿ ಎಂದರೆ ಏಕೈವ. ರೈಲು ನಿಲ್ದಾಣಗಳ ಪಕ್ಕದ ಇಂಗ್ಲಿಷ್ ಸಂಭಾಷಣೆ ಅಂಗಡಿಗಳು. ಪೋಸ್ಟರಿನಲ್ಲಿ ಹೊಂಬಣ್ಣದ ಕೂದಲಿನವನೊಬ್ಬ ಬಾಯಿ ತುಂಬ ನಗುತ್ತಿರುತ್ತಾನೆ. ಕೆಳಗೆ 'ನೇಟಿವ್ ಶಿಕ್ಷಕರು' ಎಂದು ದಪ್ಪಕ್ಷರ. ಅವನು ಊರಿನಲ್ಲಿ ಏನು ಓದಿದ್ದ, ಏನು ಮಾಡುತ್ತಿದ್ದ ಎಂಬುದು ಅಪ್ರಸ್ತುತ. ಹುಟ್ಟಿದ್ದಾನಲ್ಲ, ಅದೇ ಅರ್ಹತೆ.

ತಮಾಷೆ ಏನೆಂದರೆ, ಇದೇ ದೇಶದ ಟೋಕಿಯೊದಲ್ಲಿ 2004ರಿಂದ ಭಾರತೀಯ ಶಾಲೆಗಳಿವೆ. ನಮ್ಮವರು ಹೆಚ್ಚಾಗಿರುವ ನಿಶಿ ಕಸಾಯ್ ಕಡೆಯ ಶಾಲೆಗಳಿಗೆ ಜಪಾನಿ ತಂದೆ ತಾಯಿಯರೂ ಮಕ್ಕಳನ್ನು ಸೇರಿಸುತ್ತಾರೆ. ಯಾಕೆ? ಅಲ್ಲಿ ಗಣಿತ ಚೆನ್ನಾಗಿದೆ, ಇಂಗ್ಲಿಷೂ ಬರುತ್ತದೆ. ಭಾರತೀಯನ ಇಂಗ್ಲಿಷ್ ಮಗನಿಗೆ ಆಗುತ್ತದೆ. ಸಂಜೆ ಏಕೈವಕ್ಕೆ ಹೋಗುವ ಅಪ್ಪನಿಗೆ ಆಗುವುದಿಲ್ಲ. ನನ್ನನ್ನು ಸ್ಟಾಫ್ ರೂಮಿನಲ್ಲಿ ಪರಿಚಯಿಸಿದಾಗ ಬಂದ ಮೊದಲ ಪ್ರಶ್ನೆ ಇಂಗ್ಲಿಷಿನ ಬಗ್ಗೆ ಅಲ್ಲ, ಮಗ್ಗಿಯ ಬಗ್ಗೆ. ಭಾರತೀಯರಿಗೆಲ್ಲ 19ರವರೆಗೆ ಮಗ್ಗಿ ಬಾಯಿಪಾಠ ಎಂದು ಇಲ್ಲಿ ಬಲವಾದ ನಂಬಿಕೆ. ಎರಡನೆಯ ಪ್ರಶ್ನೆ, ದಿನಾ ಕರಿ ತಿನ್ನುತ್ತೀರಾ?

ಶಾಲೆಗಳಿಗೆ ವಿದೇಶಿ ಮೇಷ್ಟ್ರುಗಳನ್ನು ತರಿಸುವುದು ದೊಡ್ಡ ಮಟ್ಟದಲ್ಲಿ ಶುರುವಾದದ್ದು ಹೀಗೆ. ಅಮೆರಿಕದೊಂದಿಗೆ ವ್ಯಾಪಾರದ ಜಗಳ ಜೋರಾಗಿದ್ದ ಕಾಲದಲ್ಲಿ, 1987ರಲ್ಲಿ, ಜಪಾನ್ ಸರ್ಕಾರ ಜೆಟ್ ಯೋಜನೆ ತಂದಿತು. ಮೊದಲ ವರ್ಷ ನಾಲ್ಕು ದೇಶಗಳಿಂದ 848 ಜನ. ಈಗ 50ರಷ್ಟು ದೇಶಗಳಿಂದ ಐದು ಸಾವಿರಕ್ಕೂ ಹೆಚ್ಚು. ಹೆಚ್ಚಿನವರು ಸಹಾಯಕ ಭಾಷಾ ಶಿಕ್ಷಕರು, ಎಲ್ಲರ ಬಾಯಲ್ಲಿ ಎಎಲ್‌ಟಿ. ಒಪ್ಪಂದ ಒಂದೊಂದೇ ವರ್ಷದ್ದು, ಹೆಚ್ಚೆಂದರೆ ಐದು ವರ್ಷ. ಆಮೇಲೆ ಹೂಗುಚ್ಛ, ಭಾಷಣ, ಕಣ್ಣೀರು, ವಿಮಾನ. ಮೇಷ್ಟ್ರು ಕೆಲಸ ಕಲಿಯುವ ಹೊತ್ತಿಗೆ ಅವನನ್ನು ಬೀಳ್ಕೊಡುವ ವ್ಯವಸ್ಥೆ.

ಜೆಟ್‌ನವರಾದರೂ ಪುಣ್ಯವಂತರು. ನಮ್ಮಂಥವರು ಹೊರಗುತ್ತಿಗೆ. ನಗರದ ಶಿಕ್ಷಣ ಮಂಡಳಿ ಟೆಂಡರ್ ಕರೆಯುತ್ತದೆ. ಕಡಿಮೆ ಕೂಗಿದ ಏಜೆನ್ಸಿಗೆ ಮಕ್ಕಳ ಇಂಗ್ಲಿಷ್ ಹೋಗುತ್ತದೆ. ಆಗಸ್ಟಿನಲ್ಲಿ ಶಾಲೆಗೆ ರಜೆ, ಸಂಬಳಕ್ಕೂ ಅರ್ಧ ರಜೆ. ನಮ್ಮ ಡಿಗ್ರಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ಈ ಹೊರಗುತ್ತಿಗೆಯಲ್ಲೊಂದು ರತ್ನವಿದೆ. ಕೆಲಸವನ್ನೇ ಇಡಿಯಾಗಿ ಗುತ್ತಿಗೆ ಕೊಟ್ಟ ಮೇಲೆ, ಕಾನೂನಿನ ಪ್ರಕಾರ ಶಾಲೆಯವರು ಗುತ್ತಿಗೆಯ ಆಳಿಗೆ ನೇರವಾಗಿ ಸೂಚನೆ ಕೊಡುವಂತಿಲ್ಲ. ಕೊಟ್ಟರೆ ಅದು ಸೋಗಿನ ಗುತ್ತಿಗೆ, ಅಪರಾಧ. ಪಾಠದ ಹೆಸರು ಮಾತ್ರ 'ಜೋಡಿ ಬೋಧನೆ'. ಒಂದೇ ಕ್ಲಾಸು, ಒಂದೇ ಬೋರ್ಡು, ಇಬ್ಬರು ಮೇಷ್ಟ್ರು. ಆದರೆ ಶಾಲೆಯ ಇಂಗ್ಲಿಷ್ ಶಿಕ್ಷಕಿ ನನಗೆ "ಮುಂದಿನ ಪುಟ ಓದಿ" ಎಂದರೆ ಕಾರ್ಮಿಕ ಇಲಾಖೆ ಬರಬಹುದು. ಹಾಗಾಗಿ ಆಕೆ ಸೀಲಿಂಗ್ ನೋಡಿಕೊಂಡು, "ಈಗ ಯಾರಾದರೂ ಹದಿನಾಲ್ಕನೇ ಪುಟ ಓದಿದರೆ ಚೆನ್ನಾಗಿರುತ್ತಿತ್ತು" ಎನ್ನುತ್ತಾರೆ. ಯಾರಾದರೂ ಎಂದರೆ ನಾನು. ಓದುತ್ತೇನೆ. ಮಕ್ಕಳು ಪುನರುಚ್ಚರಿಸುತ್ತಾರೆ. ಮತ್ತೆ ಓದುತ್ತೇನೆ. ಆಮೇಲೆ ಆಕೆ ಉಳಿದ ನಲವತ್ತು ನಿಮಿಷ ಇಂಗ್ಲಿಷ್ ವ್ಯಾಕರಣವನ್ನು ಜಪಾನೀಸಿನಲ್ಲಿ ವಿವರಿಸುತ್ತಾರೆ. ನಾನು ಕಿಟಕಿ ಪಕ್ಕ ನಿಂತು ಮುಗುಳ್ನಗುತ್ತೇನೆ. ಟೇಪ್ ರೆಕಾರ್ಡರಾದರೆ ಕೂರಿಸುತ್ತಿದ್ದರು.

ಆಕೆಯನ್ನು ಬೈದು ಪ್ರಯೋಜನವಿಲ್ಲ. ಪಾಠ ಆದಮೇಲೆ ಕ್ಲಬ್ಬು, ಕ್ಲಬ್ಬಾದ ಮೇಲೆ ಪೋಷಕರ ಫೋನು, ಆಮೇಲೆ ವರದಿ. ಮನೆ ಸೇರುವುದು ರಾತ್ರಿ ಎಷ್ಟಕ್ಕೋ. ಆಕೆಯ ತಲೆಯ ಮೇಲೆ ಕೂತಿರುವುದು ಪ್ರವೇಶ ಪರೀಕ್ಷೆ. ಒಬ್ಬ ಹುಡುಗ ಉತ್ತರ ಪತ್ರಿಕೆಯಲ್ಲಿ 'ಐ ಹ್ಯಾವ್ ಗಾಟ್ ಎ ಬ್ರದರ್' ಎಂದು ಬರೆದಿದ್ದ. ಎಲ್ಲಿ ಕೇಳಿದ್ದನೋ ಪುಣ್ಯಾತ್ಮ, ಅಚ್ಚುಕಟ್ಟಾದ ಇಂಗ್ಲಿಷ್. ಮಾದರಿ ಉತ್ತರದಲ್ಲಿ 'ಗಾಟ್' ಇರಲಿಲ್ಲ. ಇಲ್ಲಿ ಸರಿ ಉತ್ತರಕ್ಕೆ ಕೆಂಪು ಸೊನ್ನೆ ಸುತ್ತುತ್ತಾರೆ. ಅರೆಬರೆ ಉತ್ತರಕ್ಕೆ ತ್ರಿಕೋನ. ಅವನಿಗೆ ತ್ರಿಕೋನ ಬಿತ್ತು. ಸರಿಯಿದೆ ಎಂದು ನಾನು ಹೇಳಿದೆ. ಆಕೆ ಬಹಳ ಹೊತ್ತು ಥ್ಯಾಂಕ್ಸ್ ಹೇಳಿದರು. ತ್ರಿಕೋನ ಹಾಗೇ ಉಳಿಯಿತು.

ಮಾತಾಡುವ ಪರೀಕ್ಷೆ ಇಡುತ್ತೇವೆ ಎಂದು ಸರ್ಕಾರ ಹೊರಟದ್ದೂ ಉಂಟು. ಕಾಲೇಜು ಪ್ರವೇಶಕ್ಕೆ ಖಾಸಗಿ ಇಂಗ್ಲಿಷ್ ಪರೀಕ್ಷೆಗಳನ್ನು ಬಳಸುವುದು, ಅದರಲ್ಲಿ ಮಾತು ಬರಹ ಎರಡೂ ಇರುವುದು. ಶುಲ್ಕ ಯಾರು ಕಟ್ಟಬೇಕು, ಹಳ್ಳಿಯ ಮಗು ಪರೀಕ್ಷಾ ಕೇಂದ್ರಕ್ಕೆ ಎಷ್ಟು ದೂರ ಹೋಗಬೇಕು ಎಂದು ಯಾರೋ ಕೇಳಿದರು. 2019ರ ನವೆಂಬರಿನಲ್ಲಿ ಮುಂದೂಡಿದರು. 2021ರಲ್ಲಿ ಕೈಬಿಟ್ಟರು. ಈಗಲೂ ಇಲ್ಲಿನ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷೆಂದರೆ ಓದುವುದು, ಕೇಳುವುದು. ಬಾಯಿಗೆ ಅಂಕವಿಲ್ಲ. ಬಾಯಿಗೆ ಅಂಕವಿಲ್ಲದ ದೇಶ ಬಾಯಿ ಕಲಿಸಲು ಸಾವಿರಾರು ಜನರನ್ನು ವಿಮಾನದಲ್ಲಿ ತರಿಸಿಕೊಳ್ಳುತ್ತದೆ. ಇಎಫ್ ಸಂಸ್ಥೆಯ 2024ರ ಇಂಗ್ಲಿಷ್ ಪಟ್ಟಿಯಲ್ಲಿ 116 ದೇಶಗಳ ಪೈಕಿ ಜಪಾನ್ 92ನೆಯದು. ಆನ್‌ಲೈನ್ ಪರೀಕ್ಷೆಯ ಪಟ್ಟಿ, ಅದನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಇಲ್ಲಿನ ಪತ್ರಿಕೆಗಳು ಮಾತ್ರ ಮಾಡಿಕೊಳ್ಳುತ್ತವೆ. ಪ್ರತಿ ವರ್ಷ ಆಘಾತ, ಪ್ರತಿ ವರ್ಷ ಚರ್ಚೆ. ಪರಿಹಾರವೂ ಪ್ರತಿ ವರ್ಷ ಒಂದೇ: ಇನ್ನೂ ಚಿಕ್ಕ ಮಕ್ಕಳಿಂದ ಶುರುಮಾಡೋಣ. 2020ರಿಂದ ಐದನೇ ಕ್ಲಾಸಿಗೂ ಇಂಗ್ಲಿಷಿನಲ್ಲಿ ಅಂಕ ಕೊಡುತ್ತಿದ್ದಾರೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ನಾನು ಸಸ್ಯಾಹಾರಿ ಎಂದರೆ "ಅಯ್ಯೋ, ಹಾಗಾದರೆ ಸಲಾಡ್ ತಗೊಳ್ಳಿ" ಎನ್ನುತ್ತಾರೆ. ಸಲಾಡಿನಲ್ಲಿ ಹ್ಯಾಮ್ ಇರುತ್ತದೆ. ಸಾರಿನಲ್ಲಿ ಮೀನಿರುತ್ತದೆ, ಕಾಣುವುದಿಲ್ಲ, ಆದ್ದರಿಂದ ಇಲ್ಲ.

ಹೊಗಳಿಕೆಗೇನೂ ಬರವಿಲ್ಲ. ಚಾಪ್‌ಸ್ಟಿಕ್ ಹಿಡಿದರೆ ಹೊಗಳುತ್ತಾರೆ. ಜಪಾನೀಸಿನಲ್ಲಿ ನಮಸ್ಕಾರ ಅಂದರೆ ಹೊಗಳುತ್ತಾರೆ. ಆದರೆ ಮನೆ ಬಾಡಿಗೆಗೆ ಕೇಳಿ ನೋಡಿ. 2017ರಲ್ಲಿ ಇಲ್ಲಿನ ನ್ಯಾಯ ಸಚಿವಾಲಯವೇ ಒಂದು ಸಮೀಕ್ಷೆ ಪ್ರಕಟಿಸಿತು. ಮನೆ ಹುಡುಕಿದ ವಿದೇಶಿಯರಲ್ಲಿ ನೂರಕ್ಕೆ ಸುಮಾರು 40 ಜನರಿಗೆ, ವಿದೇಶಿ ಎಂಬ ಕಾರಣಕ್ಕೆ ಮನೆ ಸಿಕ್ಕಿರಲಿಲ್ಲ. ಬ್ರೋಕರ್ ನನ್ನೆದುರೇ ಮಾಲೀಕರಿಗೆ ಫೋನ್ ಮಾಡಿದ. "ವಿದೇಶದವರು, ಆದರೆ ಜಪಾನೀಸ್ ಚೆನ್ನಾಗಿದೆ" ಎಂದ. ಫೋನಿಗೇ ಬಾಗಿ ಬಾಗಿ ಕ್ಷಮೆ ಕೇಳಿದ. ಆಮೇಲೆ ನನಗೂ ಬಾಗಿದ. ಇಷ್ಟು ಮರ್ಯಾದೆಯಿಂದ ಬಾಗಿಲು ಮುಚ್ಚುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೆಂಗಳೂರಿನಲ್ಲಾದರೆ 'ನಾನ್‌ವೆಜ್ ತಿಂತೀರಾ, ಯಾವ ಜನ' ಎಂದು ಮುಖಕ್ಕೇ ಕೇಳುತ್ತಾರೆ. ಹೋಲಿಸಿದರೆ ಇದೇ ಸಭ್ಯತೆ.

ವಿದೇಶಿ ಮೇಷ್ಟ್ರುಗಳೇನು ಸಾಚಾಗಳೇ? 2007ರ ಅಕ್ಟೋಬರಿನಲ್ಲಿ ಏಕೈವಗಳಲ್ಲೇ ದೊಡ್ಡದಾದ ನೋವಾ ಮುಳುಗಿತು. ಗುಲಾಬಿ ಮೊಲದ ಜಾಹೀರಾತಿನ ಕಂಪನಿ. ಸಂಬಳದಲ್ಲಿ ಹಿಡಿದ ಬಾಡಿಗೆ ಮನೆ ಮಾಲೀಕರಿಗೆ ತಲುಪದೆ ಹಲವರು ಬೀದಿಗೆ ಬಂದರು. ಊಟಕ್ಕೆ ಪಾಠ ಹೇಳಿದವರೂ ಇದ್ದರು. ಪಾಪವೇ. ಆದರೆ ಅಂಥ ಹೊಡೆತ ತಿಂದ ಪೀಳಿಗೆಯ ಮುಂದಿನವರಾದರೂ ಇಲ್ಲಿನ ಭಾಷೆ ಕಲಿತರೇ? ಶುಕ್ರವಾರ ಸಂಜೆ ಪಬ್ಬಿಗೆ ಹೋಗಿ. "ಆರು ವರ್ಷ ಇಂಗ್ಲಿಷ್ ಓದಿ ಒಂದು ವಾಕ್ಯ ಮಾತಾಡಲು ಬರುವುದಿಲ್ಲ ಈ ಜನಕ್ಕೆ" ಎಂದು ಗೊಣಗುವವನು ಹತ್ತು ವರ್ಷದಿಂದ ಇಲ್ಲೇ ಇದ್ದಾನೆ. ಬಿಯರ್ ಬೇಕೆಂದರೆ ಮೆನು ಚಿತ್ರದ ಮೇಲೆ ಬೆರಳಿಡುತ್ತಾನೆ. ಇಂದಿರಾನಗರದಲ್ಲಿ ಈ ತಳಿಯನ್ನು ಬೇಕಾದಷ್ಟು ನೋಡಿ ಬಂದವನು ನಾನು.

ಮೊನ್ನೆ ಶಿಕ್ಷಣ ಮಂಡಳಿಯಿಂದ ಒಂದು ಫಾರಂ ಬಂತು. ನಮ್ಮ ನಗರದ ಮಕ್ಕಳು ಧೈರ್ಯವಾಗಿ ಇಂಗ್ಲಿಷ್ ಮಾತಾಡುವಂತಾಗಲು ವಿದೇಶಿ ಶಿಕ್ಷಕರ ಅಮೂಲ್ಯ ಅಭಿಪ್ರಾಯ ಬೇಕಂತೆ. ನಾಲ್ಕು ಪುಟ, ಪೂರ್ತಿ ಜಪಾನೀಸಿನಲ್ಲಿ. ಉತ್ತರವೂ ಜಪಾನೀಸಿನಲ್ಲೇ ಬರೆಯಬೇಕು. ಪಬ್ಬಿನ ಆ ಗೆಳೆಯ ಅದನ್ನು ನನ್ನ ಕೈಗಿಟ್ಟು, "ನೀನೇ ಏನಾದರೂ ಬರಿ" ಎಂದು ಕೊನೆಯ ಪುಟದಲ್ಲಿ ತನ್ನ ಮುದ್ರೆ ಒತ್ತಿಕೊಟ್ಟ. ಮಂಡಳಿಯವರು ತುಂಬ ಸಂತೋಷಪಟ್ಟರು. ಅವನ ಜಪಾನೀಸ್ ಬಹಳ ಚೆನ್ನಾಗಿದೆಯಂತೆ.