ಗೋದಲಿಯಲ್ಲಿ ಅಣ್ಣನಿಲ್ಲದ ಲೋಪ: ಒಂದು ಶಿಶುಶಾಸ್ತ್ರೀಯ ಮೀಮಾಂಸೆ

ಕ್ರಿ.ಶ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಗುಡ್ಡದೂರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಯೇಸುವಿನ ಜನನದೃಶ್ಯದ ಮೊದಲ ಗೋದಲಿ ಏರ್ಪಡಿಸಿದಾಗ ಹುಲ್ಲು ತರಿಸಿದರು, ಎತ್ತು ತರಿಸಿದರು, ಕತ್ತೆಯನ್ನೂ ತರಿಸಿದರು. ಎರಡು ವರ್ಷದ ಅಣ್ಣನೊಬ್ಬನನ್ನು ತರಿಸಲಿಲ್ಲ. ಎಂಟುನೂರು ವರ್ಷ ವಿದ್ವಾಂಸರ ಕಣ್ಣಿಗೆ ಬೀಳದ ಈ ಲೋಪವೇ ಪ್ರಸ್ತುತ ಪ್ರಬಂಧದ ವಿಷಯ. ಗೋದಲಿಯ ಪ್ರಶಾಂತತೆಗೆ ದೈವಿಕ ಕಾರಣಗಳೂ ಇದ್ದಾವು. ಅಲ್ಲಿರುವುದು ಒಂದೇ ಮಗು ಎಂಬುದೇ ಮುಖ್ಯ ಕಾರಣವೆಂದು ನಮ್ಮ ಸಿದ್ಧಾಂತ.

ಅಧ್ಯಯನದ ಕ್ಷೇತ್ರ ಆಲೂರು–ಸಕಲೇಶಪುರ ಗುಡ್ಡಗಳ ನಡುವಿನ ಒಂದು ತೋಟದ ಮನೆ. ಕಾಲ ಡಿಸೆಂಬರ್, ಅಂದರೆ ಅರೇಬಿಕಾ ಕುಯ್ಲಿನ ನಟ್ಟನಡುವೆ. ಅಧ್ಯಯನದ ವಸ್ತುಗಳು ಎರಡು. ಕಿರಿಯದಕ್ಕೆ ಇನ್ನೂ ತಿಂಗಳು ತುಂಬಿಲ್ಲ. ಹಿರಿಯದು ಎರಡು ವರ್ಷ ದಾಟಿ, ಕಂಡದ್ದಕ್ಕೆಲ್ಲ ‘ನಂದು’ ಎನ್ನುವ ಹಂತದಲ್ಲಿದೆ. ಸಂಶೋಧಕ ಇವೆರಡರ ತಂದೆ. ಮಾರ್ಗದರ್ಶಕರು, ಬಾಣಂತನಕ್ಕೆಂದು ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬಂದ ಅತ್ತೆ. ಬರುವಾಗ ಕ್ರಿಸ್‌ಮಸ್ ತಿಂಡಿಯಾದ ಕುಸ್ವಾರಿನ ಡಬ್ಬಿಗಳ ಜೊತೆಗೆ ಸಂಶೋಧಕನ ಬಗ್ಗೆ ಒಂದು ಅಭಿಪ್ರಾಯವನ್ನೂ ಕಟ್ಟಿಕೊಂಡೇ ಬಂದಿದ್ದರು.

ಮೊದಲು ಬಿಸಿಲಿನ ಪ್ರಶ್ನೆ. ಬೆಳಗಿನ ಮಂಜು ಬೇಗ ಬಿಡದ ಈ ಸೀಮೆಯಲ್ಲಿ ಚೆನ್ನಾಗಿ ಬಿಸಿಲು ಬೀಳುವ ಜಾಗ ಕಾಫಿ ಕಣ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಬಂದ ಪಾರ್ಚ್‌ಮೆಂಟ್ ಅಲ್ಲಿ ದಿನಗಟ್ಟಲೆ ಹರಡಿಕೊಂಡು, ತೇವಾಂಶ ಶೇ. 10ರ ಹತ್ತಿರಕ್ಕೆ ಇಳಿಯಬೇಕು. ಕೂಸಿನ ಬಟ್ಟೆಗಳೂ ಅಲ್ಲೇ ಒಣಗಬೇಕು; ಅವುಗಳ ತೇವಾಂಶಕ್ಕೆ ಕಾಫಿ ಬೋರ್ಡ್ ಇನ್ನೂ ಮಾನದಂಡ ಗೊತ್ತುಮಾಡಿಲ್ಲವಾದ್ದರಿಂದ ಅತ್ತೆ ಕೆನ್ನೆಗೆ ಒತ್ತಿಕೊಂಡು ತೀರ್ಪು ಕೊಡುತ್ತಾರೆ. ಹಿರಿಯ ವಸ್ತು ಕಾಫಿ ತಿರುವುವ ಹಲಗೆ ಹಿಡಿದು ಎರಡನ್ನೂ ಸೇರಿಸಿ ಎಳೆಯುತ್ತದೆ. ಹೀಗೆ ತಯಾರಾದ ಮಾಲನ್ನು ಯಾವ ದರ್ಜೆಗೆ ಸೇರಿಸುವುದೆಂದು ಕ್ಯೂರಿಂಗ್ ವರ್ಕ್ಸಿನವರನ್ನು ಕೇಳುವ ಧೈರ್ಯ ನಮಗಾಗಿಲ್ಲ.

ನವಜಾತ ಶಿಶು ದಿನಕ್ಕೆ 16 ಗಂಟೆ ನಿದ್ದೆ ಮಾಡುತ್ತದೆಂದು ವೈದ್ಯರು ಹೇಳುತ್ತಾರೆ. ಸುಳ್ಳಲ್ಲ. ಅಷ್ಟನ್ನೂ ಚಿಲ್ಲರೆಯಲ್ಲಿ ಕೊಡುತ್ತದೆ, ಅಷ್ಟೆ. ನಮ್ಮ ಕಿರಿಯ ವಸ್ತುವಿಗೆ ನಿದ್ದೆ ಹತ್ತುವುದು ಪಲ್ಪರಿನ ಸದ್ದಿಗೆ ಮಾತ್ರ. ಸಂಜೆ ಆಳುಗಳು ಹಣ್ಣು ತೂಕ ಹಾಕಿಸಿ ಹೋದ ಮೇಲೆ ಪಲ್ಪರ್ ಶುರುವಾದರೆ ಇದು ಕಣ್ಣು ಮುಚ್ಚುತ್ತದೆ. ಹಣ್ಣು ಮುಗಿದು ಮೋಟಾರು ನಿಂತರೆ ಆ ಕ್ಷಣವೇ ಎದ್ದು ಕೂಗುತ್ತದೆ. ಹಣ್ಣಿಲ್ಲದೆ ಬರೀ ನೀರು ಬಿಟ್ಟು ಪಲ್ಪರ್ ಓಡಿಸಿದ ರಾತ್ರಿಗಳ ಕರೆಂಟ್ ಬಿಲ್ಲನ್ನು ಸಂಶೋಧನಾ ವೆಚ್ಚವೆಂದೇ ತೋರಿಸಿದ್ದೇವೆ. ‘ಸೈಲೆಂಟ್ ನೈಟ್’ ಹಾಡನ್ನು ಆಸ್ಟ್ರಿಯಾದ ಓಬರ್ನ್‌ಡಾರ್ಫಿನಲ್ಲಿ 1818ರ ಡಿಸೆಂಬರ್ 24ರಂದು ಮೊದಲು ಹಾಡಿದರು. ಸಾಹಿತ್ಯ ಯೋಸೆಫ್ ಮೋರ್ ಎಂಬ ಪಾದ್ರಿಯದು. ರಾಗ ಹಾಕಿದ ಫ್ರಾನ್ಸ್ ಗ್ರೂಬರ್ ಸಂಸಾರಸ್ಥ; ಇರುಳಿನ ಮೌನದ ಬಗ್ಗೆ ಆತ ತಾನಾಗಿ ಒಂದು ಮಾತನ್ನೂ ಸೇರಿಸಲಿಲ್ಲವೆಂಬುದು ಗಮನಾರ್ಹ.

ಇನ್ನು ಆಹಾರಮೀಮಾಂಸೆ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಬೇಕೆಂಬುದು ಅತ್ತೆಯ ಪೂರ್ವಪಕ್ಷ. ಉತ್ತರಪಕ್ಷ ಆಶಾ ಕಾರ್ಯಕರ್ತೆಯದು. ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ನೋಡುವುದು ಅವರ ಕೆಲಸ. ‘ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡಮ್ಮ, ಜೇನಂತೂ ವರ್ಷ ತುಂಬೋವರೆಗೂ ಮುಟ್ಟಿಸಬೇಡಿ’ ಎಂದರು. ಅತ್ತೆ ಬಜೆಯ ತುಂಡನ್ನು ಸೆರಗಿಗೆ ಗಂಟು ಹಾಕಿಕೊಂಡು ಸುಮ್ಮನಾದರು. ಇದನ್ನು ಒಪ್ಪಿಗೆ ಎಂದು ಓದಿಕೊಳ್ಳುವುದು ಹೊಸ ಅಳಿಯಂದಿರು ಮಾಡುವ ತಪ್ಪು.

ಇತ್ತ, ಆನೆ ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಹಿರಿಯ ವಸ್ತು ಯಾವ ಕೋಣೆಯಲ್ಲಿದೆ ಎಂದು ತಿಳಿಸುವ ಇಲಾಖೆ ಇಲ್ಲ. ಆನೆಯ ಹಾಗೆಯೇ ಇದೂ ಸದ್ದು ನಿಂತಾಗಲೇ ಅಪಾಯಕಾರಿ. ಅಂಥದೊಂದು ನಿಶ್ಶಬ್ದದಲ್ಲಿ ಹುಡುಕಿದಾಗ, ಕುಸ್ವಾರಿನ ಡಬ್ಬಿ ತೆರೆದುಕೊಂಡು ಮಂಚದ ಕೆಳಗೆ ಕೂತಿತ್ತು. ಒಂದು ಕಿಡಿಯೊ ಬಾಯಲ್ಲಿ, ಇನ್ನೊಂದು ತಮ್ಮನಿಗೆಂದು ಮುಷ್ಟಿಯಲ್ಲಿ. ಆರು ತಿಂಗಳ ನಿಯಮವನ್ನು ವಿವರಿಸಿದೆವು. ಅದನ್ನೂ ತಾನೇ ತಿಂದು ನಿಯಮ ಪಾಲಿಸಿತು.

ಜಗಲಿಯ ಕಾಗದದ ನಕ್ಷತ್ರವೂ ಇದರ ಕೈಗೆ ಸಿಕ್ಕಿ ಹರಿಯಿತು. ಇದೇ ಸೀಮೆಯಲ್ಲಿ 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಗೆ ನಕ್ಷತ್ರದಂತೆ ಎಂಟು ಮೂಲೆಗಳು. ಅದನ್ನು ಕಲ್ಲಿನಲ್ಲೇ ಕಟ್ಟಿಸಿದ್ದು ಶತ್ರುಗಳ ಭಯದಿಂದ ಎನ್ನಬಹುದು. ನಮಗೆ ಬೇರೆ ಅನುಮಾನಗಳಿವೆ.

ಕೊನೆಗೆ ಗೋದಲಿ. ಹುಲ್ಲುಗಾವಲಿಗೆಂದು ತಟ್ಟೆಗಳಲ್ಲಿ ರಾಗಿ ಚೆಲ್ಲಿದ್ದೆವು. ಪೈರು ಬೆರಳುದ್ದ ಎದ್ದಿತ್ತು. ಹಿರಿಯ ವಸ್ತು ಅದನ್ನು ಕಿತ್ತು ಮಣ್ಣಿನ ಕುರಿಗಳಿಗೆ ತಿನ್ನಿಸಿತು. ಜೋಸೆಫನನ್ನು ಜೀಪಿನಲ್ಲಿ ಕೂರಿಸಿ ಕಣಕ್ಕೆ ಕಳಿಸಿತು. ಸಂಪ್ರದಾಯದಂತೆ ಬಾಲಯೇಸುವನ್ನು ಮಲಗಿಸುವುದು 24ರ ರಾತ್ರಿ. ಅಲ್ಲಿಯವರೆಗೆ ಮೇವಿನ ತೊಟ್ಟಿ ಖಾಲಿ. ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿ, ಕೋಣೆಯಲ್ಲಿ ಕೂಗುತ್ತಿದ್ದ ಹೆಚ್ಚುವರಿ ಕೂಸಿನ ಕಡೆ ಬೆರಳು ತೋರಿಸಿ, ಅದು ತನ್ನ ಪ್ರಸ್ತಾಪವನ್ನು ಮಂಡಿಸಿತು:

‘ಪಾಪೂನ ಇಲ್ಲೇ ಇಟ್ಬಿಡಣ.’

ಪ್ರಸ್ತಾಪ ಬಂದದ್ದು ಬೆಳಗ್ಗೆ ಹತ್ತು ಗಂಟೆಗೆ, ಎಲ್ಲರ ತಿಂಡಿಯೂ ಆದ ಮೇಲೆ. ಹಾಗಾಗಿ ಸರ್ವಾನುಮತದಿಂದ ತಿರಸ್ಕೃತವಾಯಿತು. ರಾತ್ರಿ ಎರಡೂವರೆಗೆ ಬಂದಿದ್ದರೆ ಪರಿಶೀಲಿಸಬಹುದಿತ್ತು.