ಒಂದೇ ಸಿನಿಮಾ, ಎರಡು ಪಂಚಾಯ್ತಿ

ಸಿನಿಮಾ ನೋಡಿ ಬಂದವರನ್ನು ನಾವು ಕೇಳುವುದು ಒಂದೇ ಮಾತು: 'ಹೇಗಿತ್ತು?' ಇದನ್ನು ನೇರವಾಗಿ ಕೇಳಲಾರದ ಎರಡು ಪತ್ರಿಕೆಗಳಿವೆ. ಅಮೆರಿಕದ 'ವೆರೈಟಿ' ದಂಧೆಯವರದು. ಅದು 'ಹೇಗಿತ್ತು' ಅಂದರೆ 'ಓಡುತ್ತಾ?' ಅಂತ ಅರ್ಥ. ಬ್ರಿಟನ್ನಿನ 'ಸ್ಕ್ರೀನ್' ಮೇಷ್ಟ್ರುಗಳದು. 'ಚೆನ್ನಾಗಿತ್ತು' ಅಂದಿರೋ, 'ನಿಮಗೆ ಹಾಗನ್ನಿಸುವಂತೆ ಮಾಡಿದವರು ಯಾರು?' ಎಂದು ಪಾಟೀಸವಾಲಿಗೆ ಇಳಿಯುತ್ತದೆ.

ಹಿಚ್‌ಕಾಕನ 'ವರ್ಟಿಗೋ'ವನ್ನೇ ನೋಡಿ. ಕೆಲಸ ಬಿಟ್ಟ ಪತ್ತೇದಾರನೊಬ್ಬ ಗೆಳೆಯನ ಹೆಂಡತಿಯ (ಹೆಂಡತಿಯೋ ಅಲ್ಲವೋ, ನೋಡದವರ ಮಜಾ ಕೆಡಿಸಲಾರೆ) ಬೆನ್ನು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತಗಳಲ್ಲೆಲ್ಲ ಕಾರು ಓಡಿಸುತ್ತಾನೆ. ಮಾತಿಲ್ಲ, ಕತೆಯಿಲ್ಲ, ಬರೀ ನೋಡುವುದು. 1958ರಲ್ಲಿ ವೆರೈಟಿಯ ವಿಮರ್ಶಕ ಗೊಣಗಿದ: ಮೊದಲರ್ಧ ನಿಧಾನ, ಉದ್ದ. ದಂಧೆಯವರ ಪ್ರಕಾರ ಅಷ್ಟು ಪೆಟ್ರೋಲು ದಂಡ! 1975ರಲ್ಲಿ ಸಿನಿಮಾ ಚಿಂತಕಿ ಲಾರಾ ಮಲ್ವಿ ಸ್ಕ್ರೀನ್‌ನಲ್ಲಿ ತಮ್ಮ ಪ್ರಸಿದ್ಧ ಲೇಖನ ಬರೆದರು. ಆ ಬೆನ್ನು ಹತ್ತುವ ಕಣ್ಣೂ ಅಲ್ಲಿ ಒಂದು ಮುಖ್ಯ ಸಾಕ್ಷಿ. ಗಂಡಸು ನೋಡುವವನು, ಹೆಂಗಸು ನೋಡಿಸಿಕೊಳ್ಳುವವಳು. ಕತ್ತಲಲ್ಲಿ ಕೂತ ನೀವೂ ಆ ಗಂಡಸಿನ ಕಣ್ಣನ್ನೇ ಕಡ ತಂದಿದ್ದೀರಿ ಅಂದರು. ಸಿನಿಮಾ ಕೊಡುವ ಸುಖವನ್ನು ಬಿಡಿಸಿ ನೋಡಿದರೆ ಅದು ಹಾಳಾಗುತ್ತದಲ್ಲವೇ ಎಂದರೆ, ಹಾಳು ಮಾಡುವುದೇ ಉದ್ದೇಶ ಎಂದು ಲೇಖನದಲ್ಲೇ ಸಾರಿದ್ದರು. ಟಿಕೆಟ್ ಮಾರುವವರ ಎದೆ ಒಡೆಯಲು ಇನ್ನೇನು ಬೇಕು!

ವೆರೈಟಿ ಹುಟ್ಟಿದ್ದೇ ಒಂದು ಜಗಳದಿಂದ. ಜಾಹೀರಾತು ಕೊಡುವವರ ಆಟವನ್ನು ಟೀಕಿಸಿದ್ದಕ್ಕೆ ಸೈಮ್ ಸಿಲ್ವರ್‌ಮನ್ ಇದ್ದ ಕೆಲಸ ಕಳೆದುಕೊಂಡ. ಮಾವನಿಂದ ಸಾಲ ತಂದು 1905ರಲ್ಲಿ ನ್ಯೂಯಾರ್ಕಿನಲ್ಲಿ ಸ್ವಂತ ಪತ್ರಿಕೆ ತೆರೆದ. ಇವತ್ತು ಆಸ್ಕರ್ ಹತ್ತಿರ ಬಂದರೆ ಸಾಕು, 'ನಮ್ಮ ಚಿತ್ರವನ್ನೂ ಪರಿಗಣಿಸಿ' ಎನ್ನುವ ನಿರ್ಮಾಪಕರ ಜಾಹೀರಾತುಗಳೇ ಅದರ ಪುಟ ತುಂಬುತ್ತವೆ. ಮಾವ ಇದ್ದಿದ್ದರೆ ಬಡ್ಡಿ ಕೇಳುತ್ತಿದ್ದ.

ಮೇಷ್ಟ್ರುಗಳ ಕಡೆ ಈ ಕಾಟವಿಲ್ಲ. ಬರೆದವರಿಗೆ ಕಾಸಿಲ್ಲ. ಹೆಸರು ಹೇಳದ ಸಹೋದ್ಯೋಗಿಗಳು ತಿದ್ದಿ ತೀಡಿ, ಮೂರು ತಿಂಗಳಿಗೊಮ್ಮೆ ಸಂಚಿಕೆ ಬರುವ ಹೊತ್ತಿಗೆ ಸಿನಿಮಾ ಥಿಯೇಟರಿನಿಂದ ಎತ್ತಂಗಡಿಯಾಗಿರುತ್ತದೆ. ಆತುರವೇನು? 'ವರ್ಟಿಗೋ' ಹದಿನೇಳು ವರ್ಷ ಕಾಯಲಿಲ್ಲವೇ!

ಅರ್ಥವಾಗದಂತೆ ಬರೆಯುವುದರಲ್ಲಿ ಮಾತ್ರ ಇಬ್ಬರೂ ಅಣ್ಣತಮ್ಮಂದಿರು. ಹಳ್ಳಿಯವರಿಗೆ ಹಳ್ಳಿ ಕತೆಯ ಸಿನಿಮಾ ಬೇಡವಂತೆ ಎಂಬ ಸುದ್ದಿಗೆ ವೆರೈಟಿ 1935ರಲ್ಲಿ ಕೊಟ್ಟ ತಲೆಬರಹ 'ಸ್ಟಿಕ್ಸ್ ನಿಕ್ಸ್ ಹಿಕ್ ಪಿಕ್ಸ್'. ಆ ಹಳ್ಳಿಯವರಿಗೆ ತೋರಿಸಿದ್ದರೆ ಮಂತ್ರವೆಂದು ತಾಯತ ಕಟ್ಟಿಸಿಕೊಳ್ಳುತ್ತಿದ್ದರೇನೋ. ಸ್ಕ್ರೀನ್‌ನದು ಇನ್ನೂ ಘನ: ಎಪ್ಪತ್ತರ ದಶಕದಲ್ಲಂತೂ ಮನೋವಿಶ್ಲೇಷಣೆಯ ಫ್ರಾಯ್ಡ್, ಲಕಾನ್‌ರನ್ನು ದಾಟದೆ ಎರಡನೇ ಪುಟಕ್ಕೆ ಪ್ರವೇಶವಿರಲಿಲ್ಲ. 1976ರಲ್ಲಿ ಅದರ ಸಂಪಾದಕ ಮಂಡಳಿಯ ನಾಲ್ವರು, ಬರವಣಿಗೆ ಬರಬರುತ್ತಾ ಕಗ್ಗಂಟಾಗುತ್ತಿದೆ ಎಂಬ ದೂರನ್ನೂ ಸೇರಿಸಿ ರಾಜೀನಾಮೆ ಕೊಟ್ಟರು. ಮನೆಯವರೇ ಹೀಗಂದ ಮೇಲೆ ನಾವೇನು ಹೇಳೋಣ?

2012ರಲ್ಲಿ ಲೋಕದ ವಿಮರ್ಶಕರು 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ಮತದಾನದಲ್ಲಿ 'ವರ್ಟಿಗೋ'ವನ್ನು ಸಾರ್ವಕಾಲಿಕ ಶ್ರೇಷ್ಠ ಚಿತ್ರ ಎಂದು ಆರಿಸಿದರು. ಮೇಷ್ಟ್ರುಗಳು ಗೆದ್ದರು ಅನ್ನಿ. ನೀವಿನ್ನೂ ನೋಡಿಲ್ಲವಾದರೆ 128 ನಿಮಿಷ ಬಿಡುವು ಮಾಡಿಕೊಳ್ಳಿ. ಆ ಕಾರು ಓಡಿಸುವಾಗ ಆಕಳಿಕೆ ಬಂದರೆ ನೀವು ವೆರೈಟಿ ಪಕ್ಷ. ಬರದಿದ್ದರೆ ಸ್ಕ್ರೀನ್‌ಗೆ ಚಂದಾ ಕಟ್ಟಿ, ಅರ್ಥವಾದದ್ದನ್ನು ನನಗೂ ಹೇಳಿ.